ರಂಪಿಗೆಗೆ ಕುಂಕುಮ ಬೇಡ, ಎಣ್ಣೆ ಹಚ್ಚಿ

ಉದ್ದ ಇದೆ, ಬಿಡುವಿದ್ದಾಗ ಓದಿ. ಕಳೆದ ಎರಡು ಭಾನುವಾರ ಸಭೆಗೆ ಬರಲಿಲ್ಲ, ಫೋನ್ ಎತ್ತಲಿಲ್ಲ ಅಂತ ಹಲವರು ಬೈದಿದ್ದೀರಿ. ಒಬ್ಬರಿಗೆ ಜ್ವರ ಅಂತ ಸುಳ್ಳು ಬೇರೆ ಹೇಳಿದೆ, ಕ್ಷಮಿಸಿ. ನಿಜ ಏನಂದ್ರೆ ಹಿತ್ತಲಲ್ಲಿ ಕೂತು ನಮ್ಮ ತಾತನ ರಂಪಿಗೆ ಉಜ್ಜುತ್ತಿದ್ದೆ. ಉಜ್ಜುವಾಗ ತಲೆಯೊಳಗೆ ಬಂದ ಜಗಳವನ್ನೆಲ್ಲ ಇಲ್ಲಿ ಬರೀತಿದ್ದೀನಿ. ಜಗಳ ಹೊರಗಿನವರ ಜೊತೆ ಅರ್ಧ, ನಮ್ಮವರ ಜೊತೆ ಅರ್ಧ.

ಗೊತ್ತಿಲ್ಲದ ಹುಡುಗರಿಗೆ ಹೇಳ್ತೀನಿ: ರಂಪಿಗೆ ಅಂದ್ರೆ ತೊಗಲು ಕೊಯ್ಯುವ, ಹೆರೆಯುವ ಚಾಕು. ನಮ್ಮ ತಾತನದು ಒಂದೇ ಉಕ್ಕಿನ ತುಂಡು. ಒಂದು ಗೇಣಿಗೆ ಸ್ವಲ್ಪ ಕಮ್ಮಿ ಉದ್ದ. ಮುಂದೆ ನಾಲ್ಕು ಬೆರಳಗಲ, ಬಾಯಿ ಸ್ವಲ್ಪ ಬಾಗು, ಹಿಂದಕ್ಕೆ ಬರ್ತಾ ಕಿರಿದಾಗಿ ಅದೇ ಹಿಡಿ. ಹಿಡಿಗೆ ಮರ ಇಲ್ಲ, ತೊಗಲಿನ ಪಟ್ಟಿ ಬಿಗಿದು ಸುತ್ತಿದೆ. ಲಾರಿಯ ಮುರಿದ ಕಮಾನು ಪಟ್ಟಿಯನ್ನು ಊರ ಕುಲುಮೆಯಲ್ಲಿ ಬಡಿಸಿ ಮಾಡಿಸಿದ್ದು ಅಂತ ಚಿಕ್ಕಪ್ಪ ಹೇಳ್ತಾರೆ. ಕಪಿಲೆಯ ಬಾನಿ, ಮಿಣಿ, ಮೆಟ್ಟು, ತಮಟೆ ಎಲ್ಲಕ್ಕೂ ಇದೇ ಬಾಯಿ. ಪಂಪ್‌ಸೆಟ್ ಬಂದ ಮೇಲೆ ಬಾನಿ ಹೋಯ್ತು, ಪ್ಲಾಸ್ಟಿಕ್ ಬಂದ ಮೇಲೆ ಮಿಣಿ ಹೋಯ್ತು.

ಈಗ ‘ಹ್ಯಾಂಡ್‌ಮೇಡ್ ಚಾಕು’ ಅಂತ ದೊಡ್ಡ ಶೋಕಿ ನಡೀತಿದೆ. ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಅದು ಹೊಸದಾಗಿ ಕಾಣಬಾರದು ಅಂತ ವಿನೆಗರ್, ಸಾಸಿವೆ ಪೇಸ್ಟು, ಕಾಫಿ ಡಿಕಾಕ್ಷನ್ ಹಚ್ಚಿ ಬೇಕಂತಲೇ ಕಲೆ ಬರಿಸ್ತಾರೆ. ಅದಕ್ಕೆ ಪಟೀನಾ ಅಂತ ಹೆಸರು. ಅದೇ ಕಪ್ಪು ನಮ್ಮ ತಾತನ ಚಾಕುವಿನ ಮೇಲೆ ಕೂತಾಗ ಅದಕ್ಕೆ ಮೈಲಿಗೆ ಅಂತ ಹೆಸರಿತ್ತು. ಅಂಗಡಿ ಜಗುಲಿ ಮೇಲೆ ರಂಪಿಗೆ ಇಡೋ ಹಾಗಿರಲಿಲ್ಲ. ತಾತ ಅದನ್ನು ಸೊಂಟದ ಹಿಂದೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತು ದುಡ್ಡು ಎಣಿಸಿಕೊಳ್ತಿದ್ದರಂತೆ.

ಹ್ಯಾಂಡ್‌ಮೇಡ್ ಅಂತೀರಲ್ಲ, ಯಾರ ಹ್ಯಾಂಡು? ಕುಲುಮೆಯವರ ಕೈ, ಒಪ್ಪಿದೆ. ಆದರೆ ಆ ಕುಲುಮೆಯ ತಿದಿ ಹೊಲಿದವರು ಯಾರು? ತೊಗಲಿನ ತಿದಿ ಊದದಿದ್ದರೆ ಇದ್ದಲು ಕೆಂಪಾಗಲ್ಲ, ಉಕ್ಕು ಮೆತ್ತಗಾಗಲ್ಲ. ಊರಿನ ಕುಡುಗೋಲು, ಮಚ್ಚು, ಗುಳ ಎಲ್ಲವೂ ನಮ್ಮವರು ಹೊಲಿದ ಚೀಲದ ಗಾಳಿಯಲ್ಲಿ ಕಾದವು. ಆಯುಧಪೂಜೆಯಲ್ಲಿ ಈ ತಿದಿ ಹೊಲಿದವನ ಹೆಸರು ಎತ್ತಿದವರನ್ನು ನಾನು ಕಂಡಿಲ್ಲ.

ಆಯುಧಪೂಜೆ ಅಂದೆನಲ್ಲ, ಇದೆಲ್ಲ ಶುರುವಾಗಿದ್ದೇ ಅಲ್ಲಿ. ನಮ್ಮ ಆಫೀಸಿನಲ್ಲಿ ವರ್ಷವರ್ಷ ಜೋರು. ಜೀಪಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಬಾಗಿಲಲ್ಲಿ ಬೂದುಗುಂಬಳ. ಕಂಪ್ಯೂಟರ್, ಯುಪಿಎಸ್, ಸ್ಟೇಪ್ಲರ್, ಪಂಚಿಂಗ್ ಮಿಷಿನ್ ಎಲ್ಲಕ್ಕೂ ಕುಂಕುಮ. ನಾನು ಚಂದಾ ಕೊಡಲ್ಲ. ಕಡ್ಲೆಪುರಿ ಮಾತ್ರ ತಿಂತೀನಿ, ಅದರಲ್ಲಿ ಸಿದ್ಧಾಂತದ ಪ್ರಶ್ನೆ ಇಲ್ಲ. ಈ ಸಲ ಒಬ್ಬ ಸಹೋದ್ಯೋಗಿ ನಗ್ತಾ ಕೇಳಿದ, ‘ನಿಮ್ಮ ಮನೇಲಿ ಯಾವ ಆಯುಧಕ್ಕೆ ಪೂಜೆ ಸಾರ್?’ ಕೇಳಿದ ಧಾಟಿ ಗೊತ್ತಲ್ಲ ನಿಮಗೆ. ರಂಪಿಗೆ ನೆನಪಾಯ್ತು. ಮನೆಗೆ ಬಂದವನೇ ಬೀರು ಮೇಲಿಂದ ಇಳಿಸಿದೆ. ಕವರ್ ಬಿಚ್ಚಿ ನೋಡಿದ್ರೆ ಎದೆ ಧಸಕ್ಕಂತು. ಅಲಗಿನ ತುಂಬ ಕೆಂಪು ಚುಕ್ಕಿ. ಒಂದು ಕಡೆ ಬೆರಳಚ್ಚು ಇದ್ದ ಹಾಗೇ ತುಕ್ಕಾಗಿ ಮೂಡಿದೆ, ಗೆರೆ ಎಣಿಸಬಹುದು. ಬಾಯಿ ಹತ್ತಿರ ಬೂದಿ ಬಣ್ಣದ ಕಲೆ. ನಡುವೆ ಸಾಸಿವೆ ಕಾಳಿಗಿಂತ ಸಣ್ಣ ಕುಳಿಗಳು, ಉಗುರು ಆಡಿಸಿದರೆ ತಡೆಯುತ್ತೆ.

ಯಾರು ಮಾಡಿದ್ದು ಇದನ್ನ? ಮನುವಾದಿಗಳು ಅಂತ ಬರೆದು ಮುಗಿಸಬಹುದಿತ್ತು, ಎರಡು ನೂರು ಲೈಕೂ ಬರ್ತಿತ್ತು. ಮಾಡಿದ್ದು ನಾನು. ನಾವು.

ಏಪ್ರಿಲ್ 14ರ ಜಯಂತಿಗೆ ನಮ್ಮ ಕಾಲೊನಿಯಲ್ಲಿ ‘ನಮ್ಮವರ ದುಡಿಮೆಯ ಸಾಧನಗಳು’ ಅಂತ ಮೇಜು ಹಾಕಿದ್ವಿ. ತಮಟೆ, ಪೊರಕೆ, ಮೊರ, ರಂಪಿಗೆ. ಒಳ್ಳೆ ಯೋಚನೆ, ಈಗಲೂ ಅದನ್ನೇ ಹೇಳ್ತೀನಿ. ಆದರೆ ಯಾರೋ ಬಂದು ರಂಪಿಗೆಗೆ ಅರಿಶಿನ ಕುಂಕುಮ ಕಲಸಿ ಹಚ್ಚಿದರು. ಇನ್ಯಾರೋ ನೀರು ಚಿಮುಕಿಸಿದ ಹೂವಿನ ಹಾರ ಹಾಕಿದರು. ಬಾಯಿಗೆ ನಿಂಬೆಹಣ್ಣು ಚುಚ್ಚಿದರು. ಬೇಡ ಅನ್ನಲಿಲ್ಲ ನಾನು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ. ಬಿಸಿಲಲ್ಲಿ ಬೆವರಿದ ಕೈಯಲ್ಲಿ ನೂರಾರು ಜನ ಮುಟ್ಟಿದರು. ಸಂಜೆ ಬಟ್ಟೆಯಲ್ಲಿ ಒಂದು ಸಲ ಸವರಿ, ಕರೀ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಬಿಗಿದು ಬೀರು ಮೇಲಿಟ್ಟೆ. ಮಳೆಗಾಲ ಪೂರ್ತಿ ಅಲ್ಲೇ ಇತ್ತು.

ನಿಂಬೆಹುಳಿ ಉಕ್ಕನ್ನು ತಿನ್ನುತ್ತೆ, ಬೂದಿ ಬಣ್ಣದ ಕಲೆ ಅದರದ್ದು. ಬೆವರಿನ ಉಪ್ಪು ಗಾಳಿಯ ತೇವ ಎಳೆದುಕೊಂಡು ಕೂತ ಜಾಗದಲ್ಲೇ ಕೊರೆಯುತ್ತೆ, ಕುಳಿ ಅದರದ್ದು. ಕುಂಕುಮದ ಹೆಪ್ಪು ನೀರನ್ನು ಅಂಟಿಸಿ ಹಿಡಿದಿಡುತ್ತೆ. ಪ್ಲಾಸ್ಟಿಕ್ ಕವರು ಒಳಗಿನ ತೇವ ಹೊರಗೆ ಬಿಡಲ್ಲ. ಅಡುಗೆಮನೆ ಸ್ಟೀಲ್ ಚಾಕುವಿನಲ್ಲಿ 10.5 ಪರ್ಸೆಂಟಿಗೂ ಹೆಚ್ಚು ಕ್ರೋಮಿಯಂ ಇರುತ್ತೆ, ಅದು ತಡ್ಕೊಳ್ಳುತ್ತೆ. ಕಮಾನು ಪಟ್ಟಿಯ ಉಕ್ಕಿಗೆ ಆ ಕವಚ ಇಲ್ಲ. ಸುಮಾರು 0.5ರಿಂದ 0.6 ಪರ್ಸೆಂಟ್ ಇಂಗಾಲ ಇರುತ್ತೆ, ಅದಕ್ಕೇ ಬಾಯಿ ಗಟ್ಟಿ. ತೇವ ಬಿಟ್ಟರೆ ತುಕ್ಕೂ ಅಷ್ಟೇ ಗ್ಯಾರಂಟಿ.

ಇನ್ನೊಂದು ವಿಷಯ ಹೇಳ್ತೀನಿ, ಇದು ನನಗೆ ಜಾಸ್ತಿ ಚುಚ್ಚಿದ್ದು. ನಮ್ಮಪ್ಪ ರಂಪಿಗೆ ಮುಟ್ಟಲ್ಲ ಅಂತ ನಿಂತವರು. ಎಂಬತ್ತರ ದಶಕದ ಶುರುವಿನಲ್ಲಿ, ನಮ್ಮ ಊರಿಗೂ ಚಳವಳಿಯ ಹಾಡು ಬಂದಾಗ, ಸತ್ತ ದನ ಹೊರಲ್ಲ, ಬಿಟ್ಟಿ ಮೆಟ್ಟು ಹೊಲಿಯಲ್ಲ ಅಂದು ಏಟು ತಿಂದವರು. ಅವತ್ತೇ ರಂಪಿಗೆ ಅಟ್ಟ ಸೇರಿತು. ನಾನು ಜಯಂತಿಗೆ ಅಂತ ಅದನ್ನು ಇಳಿಸಿದಾಗ ಹೇಗಿತ್ತು ಗೊತ್ತಾ? ಹಳೇ ಪಂಚೆ ತುಂಡು ಎಣ್ಣೆಯಲ್ಲಿ ಅದ್ದಿ ಮೂರು ಸುತ್ತು ಸುತ್ತಿತ್ತು, ಮೇಲೆ ಗೋಣಿ. ಎಣ್ಣೆ ಒಣಗಿ ಮೇಣದ ಹಾಗಾಗಿತ್ತು. ಅಲಗಿನಲ್ಲಿ ಕೆಂಪು ಚುಕ್ಕಿ ಒಂದೂ ಇರಲಿಲ್ಲ. ಅದನ್ನು ದ್ವೇಷಿಸಿ ಅಟ್ಟಕ್ಕೆ ಎಸೆದವರು ಅಂದುಕೊಂಡಿದ್ದೆ. ದ್ವೇಷಿಸಿದವರು ನಲವತ್ತು ವರ್ಷ ತಡೆಯುವ ಹಾಗೆ ಕಟ್ಟಿಟ್ಟಿದ್ದರು. ಅಭಿಮಾನ ಅಂತ ಮೆರೆಸಿದ ನಾನು ಆರು ತಿಂಗಳಲ್ಲಿ ಕುಳಿ ಬೀಳಿಸಿದೆ.

ಉಜ್ಜಲು ಕೂತ ಸುದ್ದಿ ತಿಳಿದು ಮೂರು ಜನ ಮೂರು ಬುದ್ಧಿ ಹೇಳಿದರು.

ಮೊದಲನೆಯವರು ಹಳೇ ಸಾಮಾನು ಕೂಡಿಡುವ ಹವ್ಯಾಸದವರು, ಪ್ರಗತಿಪರರೇ. ‘ಕ್ಲೀನ್ ಮಾಡಬೇಡಿ, ತುಕ್ಕೇ ಅದರ ಚರಿತ್ರೆ, ಆಂಟಿಕ್ ವ್ಯಾಲ್ಯೂ ಹೋಗುತ್ತೆ. ಬೇಡ ಅಂದ್ರೆ ನನಗೆ ಕೊಡಿ’ ಅಂದರು. ಸ್ವಾಮಿ, ಇದು ಏಪ್ರಿಲ್‌ನಿಂದ ಈಚೆಗೆ ಬಂದ ತುಕ್ಕು. ನನ್ನ ಬೇಜವಾಬ್ದಾರಿಗೆ ನೀವು ಚರಿತ್ರೆ ಅಂತ ಹೆಸರಿಡಬೇಡಿ. ಹಿಂದೆ ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ, ಊರು ಬೇಡ. ಗಾಜಿನ ಪೆಟ್ಟಿಗೆಯಲ್ಲಿ ಪಾಳೇಗಾರನ ಕತ್ತಿ ಪಳಪಳ, ಕೆಳಗೆ ವಂಶ, ಹೆಸರು, ಶತಮಾನ. ಮೂಲೆಯಲ್ಲಿ ಒಂದು ರಂಪಿಗೆ, ತುಕ್ಕಿನ ಮೇಲೇ ವಾರ್ನಿಷ್ ಬಳಿದಿದ್ದಾರೆ, ಕೆಳಗೆ ‘ಚರ್ಮದ ಕೆಲಸದ ಉಪಕರಣ’ ಅಂತ ಮೂರು ಪದ. ಯಾರದು, ಯಾವ ಊರು, ಅದರಿಂದ ಏನು ಮಾಡಿದರು, ಏನೂ ಇಲ್ಲ. ಪಾಳೇಗಾರನ ಕತ್ತಿಗೆ ತುಕ್ಕೇ ಚರಿತ್ರೆ ಅಂತ ಯಾರೂ ಯಾಕೆ ಹೇಳಲ್ಲ? ಕತ್ತಿ ಹೊಳೆಯಬೇಕು, ರಂಪಿಗೆ ಕೊಳೆಯಾಗಿರಬೇಕು. ಕೊಳೆಯಾಗಿದ್ದರೇ ತಾನೇ ನಿಮ್ಮ ಕರುಣೆಗೆ ಜಾಗ.

ಎರಡನೆಯವನು ನನ್ನ ಒಡನಾಡಿ, ಹೋರಾಟದಲ್ಲಿ ನನಗಿಂತ ಹಿರಿಯ. ‘ಗುಲಾಮಗಿರಿಯ ಗುರುತು ಅದು, ಕೆರೆಗೆ ಎಸಿ. ನಾಳೆ ನಿನ್ನ ಮಗನೂ ಇದನ್ನೇ ಹಿಡೀಬೇಕಾ?’ ಅಂದ. ಈ ಮಾತಿಗೆ ತೂಕ ಇದೆ, ನಗುವ ಹಾಗಿಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಅಂದದ್ದು ನನಗೂ ಗೊತ್ತು. ಅದನ್ನು ಕೇಳಿದ್ದರಿಂದಲೇ ನಮ್ಮಪ್ಪ ನನ್ನನ್ನು ಓದಿಸಿದರು, ನಾನು ಬಿಎ ಮಾಡಿ ಮೇಜಿನ ಮುಂದೆ ಕೂತಿದ್ದೀನಿ. ಆದರೆ 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಬಡಿದದ್ದು ಹುಟ್ಟಿನ ಮೇಲೆ ಕೆಲಸಗಾರರನ್ನು ಗೋಡೆ ಕಟ್ಟಿ ಬೇರೆ ಮಾಡಿದ ವ್ಯವಸ್ಥೆಯನ್ನು. ಕೆಲಸದ ಹಿಂದಿನ ಬುದ್ಧಿಯನ್ನಲ್ಲ. ಹಸಿ ತೊಗಲನ್ನು ಕೊಳೆಯದ ಹಾಗೆ ಮಾಡೋದು ವಿಜ್ಞಾನ ಕಣಯ್ಯಾ. ಸುಣ್ಣದಲ್ಲಿ ನೆನೆಸಿ ಕೂದಲು ಸಡಿಲ ಮಾಡಬೇಕು, ಸುಣ್ಣ ತೊಳೆಯಬೇಕು, ತಂಗಡಿ ಚಕ್ಕೆಯ ನೀರಲ್ಲಿ ದಿನಗಟ್ಟಲೆ ಹಾಕಬೇಕು, ಎಷ್ಟು ದಿನ ಅಂತ ಮುಟ್ಟಿಯೇ ತಿಳೀಬೇಕು. ಕಂಚ ಐಲಯ್ಯನವರು ಮಕ್ಕಳಿಗೆ ಅಂತ ಬರೆದ ದುಡಿಮೆಯ ಘನತೆಯ ಪುಸ್ತಕದಲ್ಲಿ ಚರ್ಮದ ಕೆಲಸದವರಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಹರಳಯ್ಯನ ಕತೆ ಎಲ್ಲರಿಗೂ ಗೊತ್ತು. ತೊಡೆಯ ಚರ್ಮ ಸುಲಿದು ಪಾದುಕೆ ಮಾಡಿದ್ದನ್ನು ಕಣ್ಣೀರಿಟ್ಟು ಹೇಳ್ತಾರೆ. ಪಾದುಕೆ ಹೊಲಿಯೋ ವಿದ್ಯೆ ಇತ್ತಲ್ಲ ಆ ಮನುಷ್ಯನಿಗೆ, ಅದರ ಬಗ್ಗೆ ಒಂದು ಮಾತಿಲ್ಲ. ನಮ್ಮ ತ್ಯಾಗ ಬೇಕು, ನಮ್ಮ ಕಸುಬುದಾರಿಕೆ ಬೇಡ.

ನನ್ನ ಮಗ ರಂಪಿಗೆ ಹಿಡೀಬೇಕಿಲ್ಲ. ಅದು ಏನು ಅಂತ ಗೊತ್ತಿರಬೇಕು. ಕೆರೆಗೆ ಎಸೆದರೆ ಗೊತ್ತಾಗೋದು ಮೀನಿಗೆ.

ಮೂರನೆಯವನು ಗ್ಯಾರೇಜಿನ ಹುಡುಗ. ‘ಐದು ನಿಮಿಷ ಕೊಡಣ್ಣ, ಗ್ರೈಂಡರ್ ಹಾಕಿದ್ರೆ ಕನ್ನಡಿ ಆಗುತ್ತೆ.’ ಇದು ಅತಿ ಅಪಾಯದ ಸಲಹೆ, ಯಾಕಂದ್ರೆ ಪ್ರೀತಿಯಿಂದ ಕೊಟ್ಟದ್ದು. ಗ್ರೈಂಡರ್ ತಾಗಿದ ಕಡೆ ಉಕ್ಕು ಕಾಯುತ್ತೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ಸುಮಾರು 300 ಡಿಗ್ರಿಗೆ ನೀಲಿ. ಬಾಯಲ್ಲಿ ನೀಲಿ ಕಂಡರೆ ಕುಲುಮೆಯವರು ಕೊಟ್ಟ ಹದ ಹೋಯ್ತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲಲ್ಲ. ಕುಳಿ ಪೂರ್ತಿ ಹೋಗಬೇಕು ಅಂದ್ರೆ ಇಡೀ ಅಲಗನ್ನು ಕುಳಿಯ ತಳದವರೆಗೆ ಸವೆಸಬೇಕು. ಎರಡು ಮಿಲಿಮೀಟರ್ ದಪ್ಪದ ಅಲಗು, ಅದರಲ್ಲಿ ಅರ್ಧ ಮಿಲಿಮೀಟರ್ ಹೋದರೆ ಉಳಿಯೋದೇನು? ಗೊತ್ತಿದ್ದೂ ನನಗೆ ಒಂದು ಕ್ಷಣ ಆಸೆ ಆಯ್ತು, ಸುಳ್ಳು ಹೇಳಲ್ಲ. ಕನ್ನಡಿಯ ಹಾಗಿದ್ರೆ ಆ ಸಹೋದ್ಯೋಗಿಗೆ ತೋರಿಸಬಹುದಿತ್ತು. ಅವನ ಮುಂದೆ ಹೊಳೆಯಬೇಕು ಅನ್ನೋ ಈ ಆಸೆ ಇದೆಯಲ್ಲ, ಅದು ಯಾವ ರೋಗ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲ ಭಾನುವಾರ ನಾನೇ ಪಂಡಿತ ಅಂತ ಶುರು ಮಾಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಒರಟು ಎಮರಿ ಪೇಪರ್ ತಂದು, ಬಾಯಿಗೆ ಅಡ್ಡವಾಗಿ ಜೋರಾಗಿ ಉಜ್ಜಿದೆ. ಹತ್ತು ನಿಮಿಷಕ್ಕೆ ಕೆಂಪೂ ಹೋಯ್ತು, ಕಪ್ಪೂ ಹೋಯ್ತು, ಒಂದು ಮೂಲೆ ತುಂಬ ಗೀರು. ಅಷ್ಟರಲ್ಲಿ ಅನುಮಾನ ಬಂದು ನಿಲ್ಲಿಸಿದೆ. ಸಂಜೆ ರಂಪಿಗೆಯನ್ನು ಪೇಪರ್‌ನಲ್ಲಿ ಸುತ್ತಿ ಚಿಕ್ಕಪ್ಪನ ಹತ್ತಿರ ಹೊರಟೆ. ಚಿಕ್ಕಪ್ಪ ಪಕ್ಕದ ತಾಲೂಕಿನ ಬಸ್‌ಸ್ಟ್ಯಾಂಡ್ ಎದುರು ಛತ್ರಿ ಕೆಳಗೆ ಕೂರ್ತಾರೆ, ಚಪ್ಪಲಿ, ಬ್ಯಾಗು, ಜಿಪ್ಪು.

ಬಸ್ಸಿನಲ್ಲಿ ಒಂದು ಭಯ ಬಂತು. ಬ್ಯಾಗಲ್ಲಿ ತೊಗಲು ಸುಲಿಯುವ ಚಾಕು ಇದೆ, ಜೇಬಲ್ಲಿ ಹೆಸರಿರುವ ಗುರುತಿನ ಚೀಟಿ ಇದೆ. ಯಾರಾದರೂ ಬಿಚ್ಚಿಸಿದರೆ? 2016ರ ಜುಲೈಯಲ್ಲಿ ಗುಜರಾತಿನ ಊನಾ ಹತ್ತಿರದ ಮೋಟಾ ಸಮಢಿಯಾಳದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಗಾಡಿಗೆ ಕಟ್ಟಿ ಹೊಡೆದದ್ದು, ಹೊಡೆದವರೇ ವಿಡಿಯೋ ಮಾಡಿ ಹಂಚಿದ್ದು ನೆನಪಾಯ್ತು. ಆಮೇಲೆ ಸುರೇಂದ್ರನಗರದಲ್ಲಿ ನಮ್ಮವರು ಸತ್ತ ದನಗಳನ್ನು ಗಾಡಿಯಲ್ಲಿ ತುಂಬಿ ಸರ್ಕಾರಿ ಕಚೇರಿ ಮುಂದೆ ಸುರಿದು, ನಿಮ್ಮ ತಾಯಿ, ನೀವೇ ನೋಡ್ಕೊಳ್ಳಿ ಅನ್ನೋ ಹಾಗೆ ಬಂದದ್ದೂ ನೆನಪಾಯ್ತು. ಎಷ್ಟೋ ಸಭೆಯಲ್ಲಿ ಊನಾ ಬಗ್ಗೆ ಭಾಷಣ ಮಾಡಿದ್ದೀನಿ. ರಂಪಿಗೆ ಬ್ಯಾಗಲ್ಲಿ ಇಟ್ಕೊಂಡು ಯೋಚಿಸಿದ್ದು ಅದೇ ಮೊದಲು. ಬೀದಿಯಲ್ಲಿ ಹಿಡಿದರೆ ಅಪರಾಧಿ ಮಾಡುವ ಚಾಕುವನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪರಂಪರೆ ಅಂತಾರಲ್ಲ, ಅವರಿಗೆ ನಾಚಿಕೆ ಆಗಬೇಕು.

ಚಿಕ್ಕಪ್ಪ ಪೇಪರ್ ಬಿಚ್ಚಿದರು. ನನ್ನ ಗೀರು ನೋಡಿ ‘ಇದೇನು ಕೊತ್ತಂಬರಿ ಕಟ್ಟಾ?’ ಅಂದರು. ಅವರ ಸ್ವಂತ ರಂಪಿಗೆ ಪಕ್ಕದಲ್ಲಿತ್ತು. ಕರಿ ಅಂದ್ರೆ ಕರಿ, ಬಾಯಿ ಮಾತ್ರ ಬೆಳ್ಳಿ. ಕೆಂಪು ಒಂದು ಚೂರಿಲ್ಲ. ದಿನಾ ಹಿಡಿಯೋ ಕೈಗೆ, ದಿನಾ ಒರೆಸೋ ಬಟ್ಟೆಗೆ ತುಕ್ಕು ಎಲ್ಲಿಂದ ಬರಬೇಕು.

ಅವರು ಹೇಳಿದ್ದು ಒಂದೇ ಮಾತು: ‘ಕೆಂಪು ತೆಗಿ, ಕಪ್ಪು ಬಿಡು.’ (ಎಡಪಂಥದ ಗೆಳೆಯರು ಬೇಸರ ಮಾಡ್ಕೋಬೇಡಿ, ತುಕ್ಕಿನ ಕೆಂಪು.)

ಆ ಕಪ್ಪು ಏನು ಅಂತ ಆಮೇಲೆ ಓದಿ ತಿಳ್ಕೊಂಡೆ. ತಂಗಡಿ ಚಕ್ಕೆಯಲ್ಲಿ, ಅಳಲೆಕಾಯಿಯಲ್ಲಿ ಟ್ಯಾನಿನ್ ಅನ್ನೋ ಒಗರು ಇದೆ. ತೊಗಲನ್ನು ಹದ ಮಾಡೋದು ಅದೇ. ಹದವಾದ ತೊಗಲನ್ನು ಕೊಯ್ಯುವಾಗ ಆ ಒಗರು ಉಕ್ಕಿನ ಜೊತೆ ಸೇರಿ ನೀಲಿಗಪ್ಪು ಪದರ ಆಗುತ್ತೆ. ಅದು ಕೊಳೆ ಅಲ್ಲ, ತುಕ್ಕೂ ಅಲ್ಲ. ತುಕ್ಕನ್ನು ಒಂದು ಮಟ್ಟಿಗೆ ತಡೆಯುವ ಹೊದಿಕೆ. ಈಗ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಹಳೇ ಕಬ್ಬಿಣ ಉಳಿಸಲು ಟ್ಯಾನಿಕ್ ಆಸಿಡ್ ಹಚ್ಚುತ್ತಾರೆ. ನಮ್ಮ ತಾತನ ರಂಪಿಗೆಗೆ ಅದು ಕೆಲಸ ಮಾಡ್ತಾ ಮಾಡ್ತಾ ಬಿಟ್ಟಿಯಾಗಿ ಸಿಕ್ಕಿತ್ತು. ಹಳೇ ಕಾಲದಲ್ಲಿ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡ್ತಿದ್ದರು. ಅನ್ನಭೇದಿ ಅಂದ್ರೆ ಕಬ್ಬಿಣದ ಉಪ್ಪು. ಅಂದ್ರೆ ನಮಗೆ ಮುಟ್ಟಲು ಬಿಡದ ಕಾಗದದ ಅಕ್ಷರದ ಕಪ್ಪು, ಮೈಲಿಗೆ ಅಂತ ದೂರ ಇಟ್ಟ ರಂಪಿಗೆಯ ಕಪ್ಪು, ಎರಡೂ ಒಂದೇ ಜಾತಿ! ಒಂದನ್ನು ಸರಸ್ವತಿ ಅಂತ ಕಣ್ಣಿಗೊತ್ತಿಕೊಂಡರು, ಇನ್ನೊಂದನ್ನು ಕಂಡು ಮೂಗು ಮುಚ್ಚಿಕೊಂಡರು. ನಾನು ದಡ್ಡ, ಅದನ್ನೇ ಒಂದು ಮೂಲೆಯಲ್ಲಿ ಎಮರಿ ಹಾಕಿ ತೆಗೆದುಬಿಟ್ಟಿದ್ದೆ.

ಎರಡನೇ ಭಾನುವಾರ ಸರಿಯಾಗಿ ಮಾಡಿದೆ. ಮನೆಯಲ್ಲಿ ಇಂಥದ್ದು ಇರುವವರು ಇದನ್ನು ನಿಧಾನ ಓದಿ.

ಹಿಂದಿನ ರಾತ್ರಿಯೇ ಸೀಮೆಎಣ್ಣೆ ಹಚ್ಚಿ, ಸೀಮೆಎಣ್ಣೆ ಬಟ್ಟೆಯಲ್ಲೇ ಸುತ್ತಿಟ್ಟಿದ್ದೆ. ಒಲೆ ಹತ್ತಿರ ಬೇಡ. ಬೆಳಿಗ್ಗೆಗೆ ತುಕ್ಕು ಸಡಿಲ ಆಗಿತ್ತು, ಒರೆಸಿದರೇ ಅರ್ಧ ಬಂತು. ಅಲಗನ್ನು ಗಾಳಿಯಲ್ಲಿ ಹಿಡಿದು ಉಜ್ಜಬೇಡಿ, ಹಲಗೆ ಮೇಲೆ ಮಲಗಿಸಿ. ಕೈ ಯಾವಾಗಲೂ ಬೆನ್ನಿನಿಂದ ಬಾಯಿ ಕಡೆಗೆ ಹೋಗಲಿ, ಬಾಯಿ ಕಡೆಯಿಂದ ಒಳಕ್ಕೆ ಎಳೆದರೆ ಬೆರಳು ಹೋಗುತ್ತೆ. ಬೆರಳಚ್ಚಿನಂಥ ತೆಳು ಕಲೆಗೆ ಪೇಪರ್ ಬೇಕಾಗಲೇ ಇಲ್ಲ. ಆಫೀಸಿನ ಡ್ರಾಯರಲ್ಲಿ ಟೈಪ್‌ರೈಟರ್ ಕಾಲದ ಗರಗರ ರಬ್ಬರ್ ಒಂದಿತ್ತು, ಇಂಕು ಅಳಿಸೋದು. ಅದರಲ್ಲಿ ಮರಳಿನ ಪುಡಿ ಥರ ಇರುತ್ತೆ. ಎರಡು ಹನಿ ಎಣ್ಣೆ ಹಾಕಿ ಆ ರಬ್ಬರಲ್ಲಿ ತಿಕ್ಕಿದರೆ ಕೆಂಪು ಬಂತು, ಕೆಳಗಿನ ಕಪ್ಪು ಉಳೀತು. ಗುಮಾಸ್ತಗಿರಿಯಿಂದ ತಾತನಿಗೆ ಆದ ಉಪಕಾರ ಇದೊಂದೇ ಇರಬೇಕು.

ರಬ್ಬರಿಗೆ ಬಗ್ಗದ ಕಡೆ ವಾಟರ್ ಪೇಪರ್, 800 ನಂಬರಿಂದ ಶುರು ಮಾಡಿ. ಆಗದಿದ್ದರೆ ಮಾತ್ರ 400ಕ್ಕೆ ಇಳಿಯಿರಿ, ಇಳಿದರೆ ಮತ್ತೆ 800, 1000 ಅಂತ ಏರಬೇಕು. ಹಿಂದೆ ಸೈಕಲ್ ಟ್ಯೂಬಿನ ತುಂಡು ಇಟ್ಟುಕೊಳ್ಳಿ, ಎಣ್ಣೆ ಇರಲಿ, ಉದ್ದಕ್ಕೇ ಹೋಗಿ, ಅಡ್ಡ ಹೋಗಬೇಡಿ. ಹುಣಸೆಹಣ್ಣು ಹಚ್ಚಿ ಅಂತ ಕೆಲವರು ಹೇಳ್ತಾರೆ. ತುಕ್ಕು ಹೋಗುತ್ತೆ ನಿಜ, ಆದರೆ ಆ ಹುಳಿ ಕಪ್ಪನ್ನೂ ಎಬ್ಬಿಸುತ್ತೆ, ಕೆಳಗಿನ ಉಕ್ಕನ್ನೂ ಮಂಕು ಮಾಡುತ್ತೆ. ಮಚ್ಚಿಗಾದರೆ ಸರಿ, ಇಂಥದ್ದಕ್ಕೆ ಬೇಡ. ಹಚ್ಚಿಬಿಟ್ಟಿದ್ದರೆ ಅಡುಗೆ ಸೋಡಾ ನೀರಲ್ಲಿ ತೊಳೆದು ಕೂಡಲೇ ಒಣಗಿಸಿ.

ಕುಳಿಯ ವಿಷಯ ಬೇರೆ. ಮೇಲೆ ಉಜ್ಜಿದರೆ ಕುಳಿಯ ಬಾಯಿ ಹೊಳೆಯುತ್ತೆ, ತಳದಲ್ಲಿ ತುಕ್ಕು ಉಪ್ಪಿನ ಜೊತೆ ಕೂತೇ ಇರುತ್ತೆ, ಮುಂದಿನ ಮಳೆಗಾಲಕ್ಕೆ ಮತ್ತೆ ಏಳುತ್ತೆ. ಬಿದಿರು ಕಡ್ಡಿ ಚೂಪು ಮಾಡಿ, ಎಣ್ಣೆಗೆ ಬೂದಿ ಕಲಸಿ, ಒಂದೊಂದೇ ಕುಳಿಯೊಳಗೆ ತಿರುವಬೇಕು. ಎಣಿಸಲಿಲ್ಲ, ಮಧ್ಯಾಹ್ನದ ಊಟ ತಪ್ಪಿತು ಅಷ್ಟೇ. ಆಮೇಲೆ ಸೋಪು ಹಾಕಿ ಬಿಸಿನೀರಲ್ಲಿ ಎಣ್ಣೆ, ಉಪ್ಪು ಎಲ್ಲ ತೊಳೆದೆ. ಕೊನೆಗೆ ಹಳೇ ಪಾತ್ರೆಯಲ್ಲಿ ಫಿಲ್ಟರ್ ನೀರು ಹಾಕಿ ಅಲಗನ್ನು ಅರ್ಧ ಗಂಟೆ ಕುದಿಸಿದೆ. ಇದು ಬಂದೂಕು ರಿಪೇರಿಯವರ ಹಳೇ ಪದ್ಧತಿ. ಕುಳಿಯಲ್ಲಿ ಉಳಿದ ಕೆಂಪು ತುಕ್ಕು ಕುದಿಯುವ ನೀರಲ್ಲಿ ಕಪ್ಪು ಆಕ್ಸೈಡಾಗಿ ಬದಲಾಗುತ್ತೆ. ನೀರು 100 ಡಿಗ್ರಿ ದಾಟಲ್ಲ, ಹದಕ್ಕೆ ಭಯವಿಲ್ಲ. ತೆಗೆದು ನೋಡಿದಾಗ ಕುಳಿಗಳೆಲ್ಲ ಕರಿ ಎಳ್ಳಿನ ಹಾಗೆ ಕಂಡವು. ಅವು ಅಲ್ಲೇ ಇರಲಿ. ಬಾಯಿಯ ಅಂಚಿನಲ್ಲಿ ಎರಡು ಕುಳಿ ಇದ್ದವು, ಅವನ್ನು ಬಿಟ್ಟರೆ ಬಾಯಿ ಅಲ್ಲಿಂದಲೇ ಮುಕ್ಕಾಗುತ್ತೆ. ಅವನ್ನು ಮಾತ್ರ ಚಿಕ್ಕಪ್ಪ ಸಾಣೆಕಲ್ಲಿನಲ್ಲಿ, ನೀರು ಹಾಕಿ ಹಾಕಿ, ಕೂದಲೆಳೆಯಷ್ಟು ಹಿಂದಕ್ಕೆ ತಂದರು.

ಕಷ್ಟ ಆಗಿದ್ದು ಹಿಡಿ. ತೊಗಲ ಸುತ್ತಿನ ಅಂಚಿನಿಂದ ಕೆಂಪು ನೀರು ಜಿನುಗಿತ್ತು, ಒಳಗೆ ತುಕ್ಕಿದೆ ಅಂತ ಅರ್ಥ. ಬಿಚ್ಚಬೇಕು. ಆ ಸುತ್ತು ತಾತ ಸ್ವಂತ ಕೈಯಿಂದ ಬಿಗಿದದ್ದು, ಅವರ ಹೆಬ್ಬೆರಳಿನ ಜಾಗ ತಗ್ಗಾಗಿತ್ತು. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂರಲಿಲ್ಲ, ಅವರದು ಅಗಲ ಇತ್ತು. ನನ್ನ ಕೈಯಲ್ಲಿ ಆಗಲಿಲ್ಲ. ಚಿಕ್ಕಪ್ಪ ಒಂದು ಮಾತಾಡದೆ ತಮ್ಮ ರಂಪಿಗೆಯಿಂದ ತುದಿ ಬಿಡಿಸಿ ಸರಸರ ಸುತ್ತು ಬಿಚ್ಚಿದರು. ಒಳಗೆ ಅಲಗಿಗಿಂತ ಎರಡರಷ್ಟು ತುಕ್ಕು. ‘ತೊಗಲು ನೀರು ಕುಡೀತದೆ, ಬಿಡಲ್ಲ. ಕೆಲಸ ಮಾಡುವಾಗ ಸುತ್ತು, ಇಡುವಾಗ ಬಿಚ್ಚು’ ಅಂದರು. ಜೀವನ ಪೂರ್ತಿ ತೊಗಲು ಕೊಯ್ದ ಚಾಕುವನ್ನು ತೊಗಲಿನ ಒರೆಯಲ್ಲಿ ಇಡಬಾರದು, ನೋಡಿ. ಉಪ್ಪು, ಒಗರು, ತೇವ ಎಲ್ಲ ಅದರೊಳಗೆ ಇರುತ್ತೆ. ದುಬಾರಿ ಚಾಕುವಿಗೆ ಲೆದರ್ ಕವರ್ ಹಾಕಿ ಡ್ರಾಯರಲ್ಲಿ ಇಡುವವರೂ ಕೇಳಿಸಿಕೊಳ್ಳಿ, ಇದು ಉಚಿತ ಸಲಹೆ.

ಬಿಚ್ಚಿದ ಪಟ್ಟಿ ಬೇರೆ ಡಬ್ಬಿಯಲ್ಲಿದೆ. ಹಿಡಿಗೆ ಈಗ ಹತ್ತಿ ದಾರ. ಹೊಲಿಗೆ ಮಿಷಿನ್ ಎಣ್ಣೆ ತೆಳುವಾಗಿ ಸವರಿ ಹತ್ತಿ ಬಟ್ಟೆಯಲ್ಲಿ ಸುತ್ತಿದ್ದೀನಿ. ತೆಂಗಿನೆಣ್ಣೆ ಆಗುತ್ತೆ, ಆದರೆ ಬರ್ತಾ ಬರ್ತಾ ಅಂಟಾಗಿ ಕಮಟು ವಾಸನೆ ಬರುತ್ತೆ. ಅಪ್ಪ ಯಾವ ಎಣ್ಣೆ ಹಚ್ಚಿದ್ದರೋ ಕೇಳೋಣ ಅಂದ್ರೆ ಅವರಿಲ್ಲ. ನಾನು ಎಮರಿ ಹಾಕಿದ ಮೂಲೆ ಮಾತ್ರ ಬೋಳಾಗಿದೆ. ಚಿಕ್ಕಪ್ಪ ರಂಪಿಗೆ ಎತ್ತಿ ಒಂದು ತುಂಡು ತೊಗಲು ಕೊಯ್ದು ನೋಡಿದರು. ಸದ್ದಿಲ್ಲದೆ ಹೋಯ್ತು. ‘ಕಪ್ಪು ಬೇಕಾದ್ರೆ ಕೆಲಸ ಮಾಡು, ಬರ್ತದೆ’ ಅಂದು ನನ್ನ ಕೈಗೆ ಕೊಟ್ಟರು. ಗುಮಾಸ್ತನಿಗೆ ಹೇಳುವ ಮಾತಾ ಅದು!

ಈಗ ನಮ್ಮ ಹುಡುಗರಿಗೆ, ನೇರವಾಗಿ. ಮುಂದಿನ ಜಯಂತಿಗೂ ಮೇಜು ಹಾಕೋಣ, ರಂಪಿಗೆ ಅಲ್ಲೇ ಇರುತ್ತೆ. ಅರಿಶಿನ ಕುಂಕುಮ ತಂದವರ ಜೊತೆ ನಾನು ಜಗಳ ಆಡ್ತೀನಿ, ಈಗಲೇ ಹೇಳಿದ್ದೀನಿ. ನಿಂಬೆಹಣ್ಣು ಪಾನಕಕ್ಕೆ ಇಟ್ಕೊಳ್ಳಿ. ಪಕ್ಕದಲ್ಲಿ ಎಣ್ಣೆ ಬಟ್ಟೆ ಇಡ್ತೀನಿ, ಮುಟ್ಟಿದವರು ಒರೆಸಬೇಕು, ಮುಟ್ಟದೆ ಹೋಗಬಾರದು. ಕೆಳಗೆ ಚೀಟಿ ಅಂಟಿಸ್ತೀವಿ: ಯಾರದು, ಯಾವ ಊರು, ಏನೇನು ಹೊಲಿದರು, ಯಾವ ವರ್ಷ ಅಟ್ಟಕ್ಕೆ ಹೋಯ್ತು, ಯಾಕೆ ಹೋಯ್ತು. ಆ ‘ಯಾಕೆ’ ಬರೆಯದೆ ಬರೀ ಸಾಧನ ಇಟ್ಟರೆ ಅದೂ ಆ ಮ್ಯೂಸಿಯಂ ಕೆಲಸವೇ. ಚಿಕ್ಕಪ್ಪ ಬಂದು ಕೂತು ಮಾತಾಡಲು ಒಪ್ಪಿದ್ದಾರೆ, ಒಂದು ದಿನದ ಕೂಲಿ ಕೊಡಬೇಕು ಅಂದಿದ್ದಾರೆ. ಕೊಡೋಣ. ಶಾಲು ಹೊದಿಸಿ ಕಳಿಸೋ ಯೋಚನೆ ಇದ್ದವರು ಆ ಶಾಲಿನ ದುಡ್ಡನ್ನೂ ಇದಕ್ಕೇ ಸೇರಿಸಿ.

ನಿಮ್ಮ ಮನೆ ಅಟ್ಟದ ಮೇಲೆ ಏನಾದರೂ ಇದ್ದರೆ ಇಳಿಸಿ ನೋಡಿ. ಪ್ಲಾಸ್ಟಿಕ್ ಕವರಲ್ಲಿ ಇದ್ದರೆ ಇವತ್ತೇ ಬಿಚ್ಚಿ. ಕೆಂಪು ಎಷ್ಟು, ಕಪ್ಪು ಎಷ್ಟು ಕಾಣುವ ಹಾಗೆ ಹಗಲು ಬೆಳಕಲ್ಲಿ ಫೋಟೋ ತೆಗೆದು ಕಳಿಸಿ, ಚಿಕ್ಕಪ್ಪನಿಗೆ ತೋರಿಸಿ ಹೇಳ್ತೀನಿ. ಅಲ್ಲಿಯವರೆಗೆ ಗ್ರೈಂಡರ್ ಹಾಕಿಸಬೇಡಿ.

ಜೈ ಭೀಮ್.